ಹಳೆಯ ಒಡವೆಯನ್ನು ತಿರುಗಿಸಿ ಹಿಂಬದಿ ನೋಡಿ

ಪ್ರಶ್ನೆ: ನಾನು ದಾವಣಗೆರೆಯವಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಎರಡು ವರ್ಷದಿಂದ ಶನಿವಾರ ಭಾನುವಾರ ಬೆಳ್ಳಿ ಒಡವೆ ಮಾಡುವುದನ್ನು ಕಲಿಯುತ್ತಿದ್ದೇನೆ. ಕೊಯ್ಯುವುದು, ಬೆಸೆಯುವುದು, ಪಾಲಿಶ್ ಮಾಡುವುದು ಒಂದು ಮಟ್ಟಕ್ಕೆ ಕೈಗೆ ಬಂದಿದೆ. ಆದರೆ ನನ್ನದೇ ಡಿಸೈನ್ ಅಂತ ಏನೂ ಹೊಳೆಯುವುದಿಲ್ಲ. ಫೋನಿನಲ್ಲಿ ಚಿತ್ರ ನೋಡಿ ಮಾಡಿದರೆ ನಕಲು ಅನ್ನಿಸುತ್ತದೆ. ಬೇಲೂರಿಗೆ ಹೋಗಿ ಶಿಲ್ಪಗಳ ಸ್ಕೆಚ್ ಮಾಡಿಕೊಂಡು ಬಂದೆ. ಅದನ್ನು ಬೆಳ್ಳಿಗೆ ಇಳಿಸಿದರೆ ಜೀವವೇ ಇರುವುದಿಲ್ಲ. ನಿಮಗೆ ಪ್ರೇರಣೆ ಎಲ್ಲಿಂದ ಬರುತ್ತದೆ? ನಿಮ್ಮ ವರ್ಕ್‌ಶಾಪಿನ ದಿನ ಹೇಗಿರುತ್ತದೆ? ನಾನು ನೌಕರಿ ಬಿಟ್ಟು ಇದಕ್ಕೇ ಬರಬಹುದಾ? ಮನೆಯಲ್ಲಿ ಬೆಸುಗೆ ಮಾಡುವಾಗ ಏನು ಎಚ್ಚರ ಬೇಕು?

ಉತ್ತರ: ಸ್ಕೆಚ್ಚನ್ನು ಬೆಳ್ಳಿಗೆ ಇಳಿಸಿದರೆ ಜೀವ ಇರುವುದಿಲ್ಲ ಅಂದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡೋಣ. ನಿಮ್ಮ ಕಣ್ಣು ಸರಿಯಾಗಿದೆ. ಜೀವ ಇಲ್ಲ ಅಂತ ನಿಮಗೇ ಗೊತ್ತಾಗುತ್ತಿದೆ ಅಂದರೆ ದಾರಿ ತಪ್ಪಿಲ್ಲ.

ಬೇಲೂರಿನ ಮದನಿಕೆಯರ ಮುಂದೆ ನಾನೂ ತುಂಬಾ ಹೊತ್ತು ನಿಂತಿದ್ದೇನೆ. ಅಲ್ಲಿ ಚೆನ್ನಕೇಶವನ ಪ್ರತಿಷ್ಠೆ ಆದದ್ದು 1117ರಲ್ಲಿ. ಒಂಬೈನೂರು ವರ್ಷ ಕಳೆದರೂ ಆ ಒಡವೆಗಳ ಒಂದೊಂದು ಮಣಿಯನ್ನೂ ಎಣಿಸಬಹುದು. ಕಾರಣ ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟಂತೆಲ್ಲ ಗಟ್ಟಿಯಾಗುತ್ತದೆ. ಹಾಗಾಗಿ ಶಿಲ್ಪಿಗಳು ನಮ್ಮ ಹಾಗೆ ಸಣ್ಣ ಉಳಿ ಹಿಡಿದು ಸೂಕ್ಷ್ಮ ಕೆಲಸ ಮಾಡಲು ಆಯಿತು. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಇವರೆಲ್ಲ ತಮ್ಮ ಹೆಸರನ್ನೂ ಅಲ್ಲೇ ಕೆತ್ತಿದ್ದಾರೆ. ಕೈಕೆಲಸದವರ ಹೆಸರು ಕಲ್ಲಿನ ಮೇಲೆ ಉಳಿದಿರುವುದನ್ನು ನೋಡಿದಾಗ ನನಗೆ ಪ್ರತಿ ಸಲವೂ ಹೆಮ್ಮೆ ಆಗುತ್ತದೆ.

ಆದರೆ ಒಂದು ವಿಷಯ ನೋಡಿ. ಮದನಿಕೆಯ ಹಾರಕ್ಕೆ ಕೊಕ್ಕೆ ಬೇಕಿಲ್ಲ. ಅದು ಎದೆಗೆ ಅಂಟಿಕೊಂಡೇ ಹುಟ್ಟಿದೆ. ಅವಳು ಬಗ್ಗಿದರೂ ಜೋಲುವುದಿಲ್ಲ, ಸೀರೆಯ ಸೆರಗಿಗೆ ಸಿಕ್ಕಿಕೊಳ್ಳುವುದಿಲ್ಲ. ತೂಕದ ಲೆಕ್ಕವಂತೂ ಇಲ್ಲವೇ ಇಲ್ಲ. ನಮ್ಮ ಬೆಳ್ಳಿ ಒಂದು ಘನ ಸೆಂಟಿಮೀಟರಿಗೆ ಹತ್ತೂವರೆ ಗ್ರಾಂ ತೂಗುತ್ತದೆ. 22 ಕ್ಯಾರೆಟ್ ಚಿನ್ನ ಹದಿನೇಳು ಗ್ರಾಂ ದಾಟುತ್ತದೆ. ಆ ಹಾರವನ್ನು ಅದೇ ದಪ್ಪದಲ್ಲಿ ಮಾಡಿದರೆ ಯಾರೂ ಒಂದು ಗಂಟೆ ಹಾಕಿಕೊಳ್ಳಲಾರರು. ತೂಕ ಇಳಿಸಲು ತೆಳು ತಗಡಿನಲ್ಲಿ ಒತ್ತಿದಿರೋ, ಕಲ್ಲಿನಲ್ಲಿ ಚೆಂದ ಕಂಡದ್ದೇ ಹೋಗಿಬಿಡುತ್ತದೆ. ಏನು ಹೋಗುತ್ತದೆ? ನೆರಳು. ಹೊಯ್ಸಳ ಶಿಲ್ಪಿ ಮಣಿಯ ಹಿಂದಿನ ಕಲ್ಲನ್ನು ಕೊರೆದು ತೆಗೆದಿದ್ದಾನೆ. ಅಲ್ಲಿ ಕತ್ತಲೆ ತುಂಬಿಕೊಂಡಿದೆ. ಆ ಕತ್ತಲೆಯ ಮುಂದೆ ಮಣಿ ಎದ್ದು ನಿಂತಿದೆ. ನೀವು ಗೆರೆಯನ್ನು ತಂದಿರಿ, ನೆರಳನ್ನು ಅಲ್ಲೇ ಬಿಟ್ಟು ಬಂದಿರಿ.

ನಾನು ಬೇಲೂರಿನಿಂದ ತೆಗೆದುಕೊಂಡದ್ದು ಆ ನೆರಳನ್ನು ಮಾತ್ರ. ನನ್ನ ಪದಕಗಳಲ್ಲಿ ಬಳ್ಳಿಯೂ ಇಲ್ಲ, ಮದನಿಕೆಯೂ ಇಲ್ಲ. ಎರಡು ತಗಡು ಇರುತ್ತವೆ. ಮೇಲಿನದನ್ನು ಗರಗಸದಿಂದ ಕೊರೆದಿರುತ್ತೇನೆ. ಕೆಳಗಿನದನ್ನು ಗಂಧಕದ ದ್ರಾವಣದಲ್ಲಿ ಕಪ್ಪು ಮಾಡಿರುತ್ತೇನೆ. ನಡುವೆ ಎರಡು ಮಿಲಿಮೀಟರ್ ಸಂದು. ತೂಕ ಕಡಿಮೆ, ಆಳ ಜಾಸ್ತಿ. ನೋಡಿದವರು ಯಾರೂ ಇದನ್ನು ಹೊಯ್ಸಳ ಅನ್ನುವುದಿಲ್ಲ. ನನಗೆ ಗೊತ್ತು, ಅದು ಅಲ್ಲಿಂದಲೇ ಬಂದಿದ್ದು.

ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು ಇದೇ. ಒಡವೆಯ ಮುಂಭಾಗ ನೋಡಿದರೆ ನಕಲು ಹುಟ್ಟುತ್ತದೆ. ಅದನ್ನು ಹೇಗೆ ಮಾಡಿದರು, ಯಾಕೆ ಹಾಗೆ ಮಾಡಿದರು ಅಂತ ಹುಡುಕಿದರೆ ನಿಮ್ಮದೇ ಡಿಸೈನ್ ಹುಟ್ಟುತ್ತದೆ. ಅದಕ್ಕೆ ಹಳೆಯ ಒಡವೆ ಕೈಗೆ ಸಿಕ್ಕಿದ ಕೂಡಲೇ ತಿರುಗಿಸಿ ಹಿಂಬದಿ ನೋಡಿ. ಕೊಂಡಿ ಎಲ್ಲಿದೆ, ಬೆಸುಗೆ ಎಲ್ಲಿ ಬಿದ್ದಿದೆ, ಎಲ್ಲಿ ಸವೆದಿದೆ, ಭಾರ ಯಾವುದರ ಮೇಲೆ ಕೂತಿದೆ ನೋಡಿ. ಫೋನಿನ ಚಿತ್ರದಲ್ಲಿ ಹಿಂಬದಿ ಸಿಗುವುದಿಲ್ಲ. ನಿಮಗೆ ಅಲ್ಲಿಂದ ಏನೂ ಹೊಳೆಯದೆ ಇರುವುದಕ್ಕೆ ಕಾರಣ ಅದೇ ಅಂತ ನನ್ನ ಅನಿಸಿಕೆ.

ನಿಮ್ಮ ಮನೆಯಲ್ಲೇ ಅಜ್ಜಿಯ ಜುಮುಕಿ ಇದ್ದೀತು. ಜೊತೆಗೆ ಕೆನ್ನೆಸರಪಳಿ ಇದೆಯಾ ನೋಡಿ. ಈಗ ಅದನ್ನು ಮದುವೆಯ ಅಲಂಕಾರ ಅಂತ ಹಾಕುತ್ತಾರೆ. ಆದರೆ ಅದು ಮಾಡುವ ಕೆಲಸ ಬೇರೆ. ದೊಡ್ಡ ಜುಮುಕಿಯ ಭಾರ ಪೂರ್ತಿ ಕಿವಿಯ ಹಾಲೆಯ ಮೇಲೆ ಬಿದ್ದರೆ ತೂತು ಹರಿದು ಹಿಗ್ಗುತ್ತದೆ. ಸರಪಳಿ ಆ ಭಾರವನ್ನು ಎತ್ತಿ ಕೂದಲಿಗೆ ಕೊಡುತ್ತದೆ. ಯಾರೋ ಒಬ್ಬ ಅಕ್ಕಸಾಲಿಗ ನೋವನ್ನು ನೋಡಿ ಪರಿಹಾರ ಹುಡುಕಿದ, ಆ ಪರಿಹಾರವೇ ಚೆಂದವಾಯಿತು. ಇದು ನನಗೆ ಸಿಕ್ಕ ದೊಡ್ಡ ಪಾಠ. ನಾನು ಈಗ ಕಿವಿಯ ಒಡವೆ ಮಾಡುವಾಗ ಪೆನ್ಸಿಲ್ ಹಿಡಿಯುವ ಮೊದಲು ತೂಕ ಗೊತ್ತು ಮಾಡಿಕೊಳ್ಳುತ್ತೇನೆ. ದಿನಾ ಹಾಕುವ ಓಲೆ ಅಂದರೆ ಒಂದೊಂದು ಐದು ಗ್ರಾಂ ಒಳಗೆ ಇರಬೇಕು. ಆಮೇಲೆ ಆ ಐದು ಗ್ರಾಂನಲ್ಲಿ ಏನು ಮಾಡಬಹುದು ಅನ್ನುವ ಯೋಚನೆ.

ಕೊಡಗಿನ ಜೋಮಾಲೆಯನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಚಿನ್ನದ ಗುಂಡುಗಳ ಸರ. ನೋಡಲು ತುಂಬಿಕೊಂಡಿರುತ್ತದೆ, ಎತ್ತಿದರೆ ಅಷ್ಟು ಭಾರ ಇರುವುದಿಲ್ಲ. ಗುಂಡಿನ ಚಿನ್ನ ತೀರಾ ತೆಳು, ಒಳಗೆ ಅರಗು ತುಂಬಿರುತ್ತಾರೆ. ಅರಗು ಒಳಗಿನಿಂದ ಒತ್ತಿ ಹಿಡಿದಿರುವುದರಿಂದ ಗುಂಡು ನೆಗ್ಗುವುದಿಲ್ಲ. ಸ್ವಲ್ಪವೇ ಚಿನ್ನದಲ್ಲಿ ತುಂಬು ನೋಟ. ಇದನ್ನು ಅರ್ಥ ಮಾಡಿಕೊಂಡವರು ಬೆಳ್ಳಿಯಲ್ಲಿ ಟೊಳ್ಳು ಆಕಾರಗಳನ್ನು ಧೈರ್ಯವಾಗಿ ಮಾಡಬಹುದು. ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳುತ್ತೇನೆ: ಹಳೆಯ ಟೊಳ್ಳು ಒಡವೆ ರಿಪೇರಿಗೆ ಬಂದರೆ ಒಳಗೆ ಅರಗು ಇದೆಯಾ ಅಂತ ತಿಳಿಯದೆ ಬೆಂಕಿ ಹಿಡಿಯಬೇಡಿ. ಅರಗು ಕಾದು ಹೊಗೆಯಾಗಿ ಗುಂಡನ್ನು ಸೀಳಿಕೊಂಡು ಹೊರಗೆ ಬರುತ್ತದೆ.

ನನಗೆ ಎಲ್ಲಕ್ಕಿಂತ ಪ್ರೀತಿಯ ವಸ್ತು ಇಷ್ಟಲಿಂಗದ ಬೆಳ್ಳಿ ಕರಡಿಗೆ. ಇದನ್ನು ಒಡವೆ ಅಂತ ಜನ ಎಣಿಸುವುದಿಲ್ಲ. ನನ್ನ ಪ್ರಕಾರ ನಮ್ಮ ನಾಡಿನ ಅತಿ ಒಳ್ಳೆಯ ವಿನ್ಯಾಸಗಳಲ್ಲಿ ಇದೂ ಒಂದು. ಯೋಚನೆ ಮಾಡಿ, ಹಗಲು ರಾತ್ರಿ ಮೈಮೇಲೆ ಇರಬೇಕು. ಹೊಲದಲ್ಲಿ ಬಗ್ಗಿದಾಗ ಚುಚ್ಚಬಾರದು, ಮಲಗಿದಾಗ ಒತ್ತಬಾರದು. ದಿನವೂ ಪೂಜೆಗೆ ತೆರೆಯಬೇಕು. ಮುಚ್ಚಳ ಸಡಿಲ ಆಗಬಾರದು, ಬಿಗಿಯೂ ಆಗಬಾರದು. ಬೆವರು ತಾಗಿದರೂ ಕೆಡಬಾರದು. ಒಂದು ಸಣ್ಣ ಪೆಟ್ಟಿಗೆಗೆ ಇಷ್ಟು ಷರತ್ತು. ಹಳೆಯ ಕರಡಿಗೆಗಳ ಅಂಚುಗಳನ್ನು ಬೆರಳಿನಿಂದ ಸವರಿ ನೋಡಿ, ಎಲ್ಲೂ ಮೊನೆ ಸಿಗುವುದಿಲ್ಲ. ಒಂದಿಷ್ಟು ಅಲಂಕಾರ ಇದ್ದರೂ ಅದು ಬೆರಳು ಹಿಡಿಯುವ ಕಡೆ ಇರುತ್ತದೆ, ಮೈಗೆ ತಾಗುವ ಕಡೆ ನುಣುಪು. ನಾನು ಯಾವ ಒಡವೆ ಮುಗಿಸಿದರೂ ಕಣ್ಣು ಮುಚ್ಚಿ ಒಂದು ಸಲ ಸವರಿ ನೋಡುತ್ತೇನೆ. ಆ ಅಭ್ಯಾಸ ಕರಡಿಗೆಯಿಂದ ಬಂದಿದ್ದು.

ಬೀದರಿಗೂ ಒಮ್ಮೆ ಹೋಗಿ ಬನ್ನಿ. ಬಿದರಿ ಕೆಲಸ ಮಾಡುವವರ ಪಕ್ಕ ಕೂತು ನೋಡಬೇಕು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರ ಹಾಕಿ ನಯ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಆಗ ಗೀಚಿದ ಗೆರೆ ಚೆನ್ನಾಗಿ ಕಾಣುತ್ತದೆ. ಗೆರೆಯನ್ನು ಉಳಿಯಿಂದ ಆಳ ಮಾಡಿ, ಅದರೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಬೆಸುಗೆ ಇಲ್ಲ, ಅಂಟೂ ಇಲ್ಲ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ, ಬಿಸಿ ಮಾಡಿದ ವಸ್ತುವಿಗೆ ಉಜ್ಜುತ್ತಾರೆ. ಸತುವಿನ ಮೈ ಕಾಡಿಗೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಈ ಕಲೆಯ ಹಿರಿಯರಾದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ನಾನು ಬಿದರಿ ಕೆಲಸ ಮಾಡುವುದಿಲ್ಲ, ಮಾಡಲು ಹೋಗುವುದೂ ಇಲ್ಲ. ಅದು ಅವರದ್ದು. ಆದರೆ ಒಂದು ಲೋಹದ ಬಾಯಲ್ಲಿ ಇನ್ನೊಂದನ್ನು ಬರೀ ಬಡಿತದಿಂದ ಕೂರಿಸಬಹುದು ಅನ್ನುವ ತಿಳಿವಳಿಕೆ ಅಲ್ಲಿಂದ ಬಂತು. ಬೆಂಕಿ ತಾಗಬಾರದ ಹರಳು ಇದ್ದಾಗ ನಾನು ಬೆಸುಗೆ ಬಿಟ್ಟು ರಿವೆಟ್ ಬಡಿಯುತ್ತೇನೆ.

ಹೊರಗಿನವರಲ್ಲಿ ನನಗೆ ಹತ್ತಿರದವರು ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್. ಗಾಳಿಗೆ ತೂಗುವ ಶಿಲ್ಪಗಳಿಂದ ಹೆಸರಾದವರು. ಸುಮಾರು 1,800 ಒಡವೆಗಳನ್ನೂ ಮಾಡಿದ್ದಾರೆ. ಹೆಚ್ಚಿನವು ಹಿತ್ತಾಳೆ, ಬೆಳ್ಳಿ ತಂತಿಯನ್ನು ಬಡಿದು, ಸುತ್ತಿ, ಕೊಕ್ಕೆ ಹಾಕಿ ಮಾಡಿದವು. ಬೆಸುಗೆ ಹಾಕಿದ್ದೇ ಅಪರೂಪ. 1955ರಲ್ಲಿ ಸಾರಾಭಾಯಿ ಕುಟುಂಬದ ಕರೆಯ ಮೇಲೆ ಅಹಮದಾಬಾದಿಗೆ ಬಂದು ಅಲ್ಲೂ ಕೆಲಸ ಮಾಡಿದರು. ಅವರ ಒಡವೆಯಲ್ಲಿ ಸುತ್ತಿಗೆಯ ಗುರುತು ಹಾಗೇ ಇರುತ್ತದೆ. ಎಲ್ಲವನ್ನೂ ಕನ್ನಡಿಯ ಹಾಗೆ ಹೊಳೆಯಿಸಬೇಕು ಅನ್ನುವ ಹಟ ನನ್ನಲ್ಲಿ ಕಡಿಮೆಯಾದದ್ದು ಅವರ ಕೆಲಸ ನೋಡಿದ ಮೇಲೆ.

ಇನ್ನು ವರ್ಕ್‌ಶಾಪಿನ ವಿಷಯ. ಪ್ರೇರಣೆ ಬೇರೆ, ವರ್ಕ್‌ಶಾಪ್ ಬೇರೆ ಅಂತ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ನನಗೆ ಅವೆರಡೂ ಒಂದೇ. ಬಹಳಷ್ಟು ಡಿಸೈನ್ ಲೋಹವೇ ತೋರಿಸುತ್ತದೆ. ಇದ್ದಿಲ ಮೇಲೆ ಬೆಳ್ಳಿಯ ಸಣ್ಣ ಚೂರು ಇಟ್ಟು ಊದಿ ನೋಡಿ. ಕರಗಿದ ಕ್ಷಣಕ್ಕೆ ತಾನಾಗಿ ಗುಂಡಾಗುತ್ತದೆ. ನಮ್ಮ ಹಳೆಯ ಓಲೆಗಳಲ್ಲಿ ಕಾಣುವ ರವೆ ಕೆಲಸ, ಅಂದರೆ ಪುಟ್ಟ ಗುಂಡುಗಳನ್ನು ಸಾಲಾಗಿ ಕೂರಿಸುವುದು, ಹುಟ್ಟಿದ್ದು ಇದರಿಂದಲೇ. ಕಂಬಚ್ಚಿನಲ್ಲಿ, ಅಂದರೆ ಬೇರೆ ಬೇರೆ ಅಳತೆಯ ತೂತುಗಳಿರುವ ಉಕ್ಕಿನ ಪಟ್ಟಿಯಲ್ಲಿ, ತಂತಿ ಎಳೆಯುವುದೂ ಹಾಗೆ. ಎರಡು ಮಿಲಿಮೀಟರ್ ದಪ್ಪದ ತಂತಿಯನ್ನು ಒಂದು ಮಿಲಿಮೀಟರಿಗೆ ಇಳಿಸಿದರೆ ಉದ್ದ ನಾಲ್ಕು ಪಟ್ಟು ಆಗುತ್ತದೆ. ಸುಮ್ನೆ ಕೈಯಲ್ಲಿ ಹಿಡಿದರೆ ಅದು ಎಲ್ಲಿ ಬಾಗಲು ಒಪ್ಪುತ್ತದೆ, ಎಲ್ಲಿ ಚಿಮ್ಮುತ್ತದೆ ಅಂತ ಗೊತ್ತಾಗುತ್ತದೆ. ಆ ಚಿಮ್ಮುವಿಕೆಯಿಂದಲೇ ಕೊಕ್ಕೆ ಆಗುತ್ತದೆ.

ನನ್ನ ಬೆಳಗಿನ ಹೊತ್ತು ಬೆಂಕಿಗೆ. ಮೂಲೆಯಲ್ಲಿ ಬೆಳಕು ಕಡಿಮೆ ಇರುವ ಜಾಗ ಮಾಡಿಕೊಂಡಿದ್ದೇನೆ. ಬೆಳಕು ಜಾಸ್ತಿ ಇದ್ದರೆ ಲೋಹದ ಬಣ್ಣ ಕಾಣುವುದಿಲ್ಲ. ಬಡಿದು ಬಡಿದು ಗಟ್ಟಿಯಾದ ಬೆಳ್ಳಿಯನ್ನು ಮತ್ತೆ ಮೆತ್ತಗೆ ಮಾಡಲು ಮಂಕು ಕೆಂಪು ಬರುವ ತನಕ ಕಾಯಿಸಬೇಕು, ಅಂದರೆ ಸುಮಾರು 650 ಡಿಗ್ರಿ. ನಾವು ಬಳಸುವ 92.5 ಬೆಳ್ಳಿ, ಅಂದರೆ ನೂರರಲ್ಲಿ 92.5 ಭಾಗ ಬೆಳ್ಳಿ, ಉಳಿದದ್ದು ತಾಮ್ರ, 800 ಡಿಗ್ರಿ ಹತ್ತಿರವೇ ಕರಗಲು ಶುರು. ಹಾಗಾಗಿ ಮಂಕು ಕೆಂಪು ಮತ್ತು ಕಿತ್ತಳೆ ಕೆಂಪಿನ ನಡುವೆ ನಿಮ್ಮ ಇಡೀ ವಾರದ ಕೆಲಸ ನಿಂತಿರುತ್ತದೆ. ಕಾದ ಬೆಳ್ಳಿಯ ಮೇಲೆ ಹೊಗೆ ಬಣ್ಣದ ಕಲೆ ಬರುತ್ತದಲ್ಲ, ಅದು ಬೆಳ್ಳಿಯೊಳಗಿನ ತಾಮ್ರದ ಕೆಲಸ. ಮೇಲೆ ಮೇಲೆ ಉಜ್ಜಿದರೆ ಹೋಗುವುದಿಲ್ಲ, ಆಳಕ್ಕೆ ಇಳಿದಿರುತ್ತದೆ. ಜಾಸ್ತಿ ಹೊತ್ತು ಕಾಯಿಸದೆ ಬೇಗ ಮುಗಿಸುವುದೇ ಒಳ್ಳೆಯ ಉಪಾಯ. ಕಾಯಿಸುವ ಮೊದಲು ಒಡವೆಗೆಲ್ಲ ಬಿಳಿಗಾರ (ಬೊರಾಕ್ಸ್) ಚೆನ್ನಾಗಿ ಸವರಿ.

ಕಾಯಿಸಿದ ಮೇಲೆ ಮೇಲಿನ ಕೊಳೆ ಬಿಡಿಸಲು ಆಸಿಡ್ ನೀರಿಗೆ ಹಾಕುವಾಗ ಕಬ್ಬಿಣದ ಚಿಮಟ ಮುಳುಗಿಸಬೇಡಿ. ಬೆಳ್ಳಿಯ ಮೇಲೆ ತಾಮ್ರದ ಗುಲಾಬಿ ಪದರ ಕೂರುತ್ತದೆ. ತಾಮ್ರದ ಚಿಮಟವೋ ಪ್ಲಾಸ್ಟಿಕ್ಕಿನದೋ ಇರಲಿ. ಸಣ್ಣ ಪುಟ್ಟ ಕೆಲಸಕ್ಕೆ ನಾನು ಈಗಲೂ ಹಿಂದಿನವರ ಹಾಗೆ ಹುಣಸೆ ನೀರು ಕುದಿಸುತ್ತೇನೆ. ನಿಧಾನ, ಆದರೆ ಮೂಗು ಉರಿಯುವುದಿಲ್ಲ.

ಮಧ್ಯಾಹ್ನದ ತನಕ ಗರಗಸ, ಅರ. ಇದು ಸದ್ದಿಲ್ಲದ ಹೊತ್ತು. ಗರಗಸದ ಬ್ಲೇಡು ಮುರಿಯುತ್ತಲೇ ಇರುತ್ತದೆ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ತಗಡಿನ ದಪ್ಪದೊಳಗೆ ಕನಿಷ್ಠ ಎರಡು ಮೂರು ಹಲ್ಲು ಕೂರುವಂಥ ಬ್ಲೇಡು ತೆಗೆದುಕೊಳ್ಳಿ. ಸ್ವಲ್ಪ ಜೇನುಮೇಣ ಸವರಿ. ಅರದ ಪುಡಿಯನ್ನು ಒಂದು ಚೂರೂ ಬಿಡದೆ ಕೂಡಿಡುತ್ತೇನೆ. ನೆಲದ ಕಸವನ್ನೂ ಎಸೆಯುವುದಿಲ್ಲ. ಅದನ್ನು ಕೊಂಡು ಹೋಗಿ ತೊಳೆದು, ಬೆಳ್ಳಿ ಚಿನ್ನ ಬೇರೆ ಮಾಡುವವರು ಇದ್ದಾರೆ.

ಮೂರು ಗಂಟೆಯ ಮೇಲೆ ರಿಪೇರಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಯಾಕಂದರೆ ಡಿಸೈನರ್ ಅನ್ನಿಸಿಕೊಂಡವರು ಹೆಚ್ಚಾಗಿ ಇದನ್ನು ಕೀಳಾಗಿ ನೋಡುತ್ತಾರೆ. ನನ್ನ ಅಂಗಡಿಯ ಬಾಡಿಗೆ ಕಟ್ಟುವುದು ರಿಪೇರಿಯಿಂದ. ನನಗೆ ಪಾಠ ಹೇಳುವುದೂ ಅದೇ. ಕಡಿದುಹೋದ ಸರ ಬಂದಾಗ ಅದು ಎಲ್ಲಿ ಕಡಿದಿದೆ ನೋಡುತ್ತೇನೆ. ಹೆಚ್ಚಿನ ಸಲ ಕೊಕ್ಕೆಯ ಪಕ್ಕದ ಉಂಗುರದಲ್ಲೇ. ಒಂದರ ಮೇಲೆ ಒಂದು ಉಜ್ಜಿ ಉಜ್ಜಿ ದಾರದಷ್ಟು ತೆಳುವಾಗಿರುತ್ತದೆ. ಕಾಲುಂಗುರ ನೆಲ ತಾಗುವ ಕಡೆ ಸವೆದಿರುತ್ತದೆ. ಕೈಯುಂಗುರ ಅಂಗೈ ಕಡೆ. ತಿರುಪಿನ ಓಲೆಯಲ್ಲಿ ತಿರುಪಿನ ಎಳೆ ಹೋಗಿರುತ್ತದೆ. ಒಬ್ಬ ಅಕ್ಕಸಾಲಿಗ ಮಾಡಿದ್ದನ್ನು ಮೂವತ್ತು ವರ್ಷ ಒಬ್ಬ ಹೆಂಗಸು ಹಾಕಿಕೊಂಡು ಪಾತ್ರೆ ತೊಳೆದು, ಮಕ್ಕಳನ್ನು ಎತ್ತಿ, ಬಸ್ಸಿನಲ್ಲಿ ಓಡಾಡಿ ಪರೀಕ್ಷೆ ಮಾಡಿದ್ದಾಳೆ. ಆ ಪರೀಕ್ಷೆಯ ಫಲ ನಿಮ್ಮ ಕೈಗೆ ಬಿಟ್ಟಿಯಾಗಿ ಬರುತ್ತದೆ. ನಾನು ಸರದ ಕೊನೆಯ ಉಂಗುರವನ್ನು ಉಳಿದವಕ್ಕಿಂತ ದಪ್ಪ ಮಾಡಲು ಶುರು ಮಾಡಿದ್ದು ಹೀಗೆ. ಆಮೇಲೆ ಆ ದಪ್ಪ ಉಂಗುರವನ್ನೇ ಮುಂದೆ ತಂದು ಹಾರದ ಮುಖ್ಯ ಭಾಗ ಮಾಡಿದೆ. ಈಗ ಜನ ಅದನ್ನೇ ನನ್ನ ಶೈಲಿ ಅನ್ನುತ್ತಾರೆ.

ಪಾಲಿಶ್ ಸಂಜೆಗೆ. ಅದು ಕೊಳೆ ಕೆಲಸ, ಮಾಸ್ಕ್ ಹಾಕಿಕೊಂಡು ಬೇರೆ ಜಾಗದಲ್ಲಿ ಮಾಡಿ. ನಡುನಡುವೆ ಎದ್ದು ಓಡಾಡಿ, ದೂರದ್ದನ್ನು ನೋಡಿ. ಬೆನ್ನು, ಕಣ್ಣು ಎರಡೂ ಈ ಕೆಲಸಕ್ಕೆ ಬಂಡವಾಳ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಎಲ್ಲ ಹತಾರಗಳನ್ನೂ ತೊಳೆದು, ಎಣ್ಣೆ ಸವರಿ, ಸಾಲಾಗಿ ಇಡುತ್ತೇವೆ. ಯಾವ ಸುತ್ತಿಗೆಯ ಮುಖ ಕೆಟ್ಟಿದೆ, ಯಾವ ಅರ ಹಲ್ಲು ಕಳೆದುಕೊಂಡಿದೆ ಅಂತ ಆವತ್ತು ಸರಿಯಾಗಿ ಕಾಣುತ್ತದೆ.

ನೌಕರಿ ಬಿಡುವ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ: ಈಗ ಬೇಡ. ಮಜೂರಿ ನಂಬಿ ಬದುಕುವುದು ಕಷ್ಟ. ಮದುವೆ ಸೀಸನ್ನಿನಲ್ಲಿ ಕೈತುಂಬಾ ಕೆಲಸ, ಆಷಾಢದಲ್ಲಿ ಖಾಲಿ. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಗಿರಾಕಿ ಮಜೂರಿಯಲ್ಲೇ ಚೌಕಾಸಿ ಮಾಡುತ್ತಾರೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ತಿಂಗಳ ಬಾಡಿಗೆಯ ಒತ್ತಡ ಬಂದ ಕೂಡಲೇ ನೀವು ಮಾರಾಟ ಆಗುವುದನ್ನು ಮಾತ್ರ ಮಾಡುತ್ತೀರಿ. ನಿಮ್ಮ ದಾರಿ ಸಿಗುವ ಮೊದಲೇ ಅದು ಮುಚ್ಚಿಹೋಗುತ್ತದೆ. ಸಂಬಳ ಇರುವಾಗಲೇ ನಿಮ್ಮದು ಏನು ಅಂತ ಹುಡುಕಿಕೊಳ್ಳಿ. ಮುಂದಿನ ಒಂದು ವರ್ಷ ಗೆಳತಿಯರ, ನೆಂಟರ ಮುರಿದ ಬೆಳ್ಳಿ ಒಡವೆಗಳನ್ನು ಬಿಡದೆ ರಿಪೇರಿ ಮಾಡಿ. ಚಿನ್ನಕ್ಕೆ ಈಗಲೇ ಕೈ ಹಾಕಬೇಡಿ. ಒಂದು ನೋಟ್‌ಬುಕ್ ಇಟ್ಟು, ಪ್ರತಿಯೊಂದೂ ಎಲ್ಲಿ ಮುರಿದಿತ್ತು, ಯಾಕೆ ಮುರಿದಿತ್ತು ಬರೆಯಿರಿ. ಚಿತ್ರ ಬರೆಯುವುದಾದರೆ ಹಿಂಬದಿಯದ್ದನ್ನು ಬರೆಯಿರಿ. ಸಾಧ್ಯವಾದರೆ ಬೆಂಗಳೂರಿನ ನಗರ್ತಪೇಟೆಯ ಗಲ್ಲಿಗಳಲ್ಲಿ ಹಳೆಯ ಕೆಲಸಗಾರರೊಬ್ಬರ ಪರಿಚಯ ಮಾಡಿಕೊಂಡು, ಶನಿವಾರ ಅವರ ಪಕ್ಕ ಕೂತು ಕೈ ನೋಡಿ. ಪ್ರಶ್ನೆ ಜಾಸ್ತಿ ಕೇಳಬೇಡಿ. ಅವರು ಇಕ್ಕಳ ಹಿಡಿಯುವ ರೀತಿಯನ್ನು ನೋಡಿದರೇ ಸಾಕಷ್ಟು ಸಿಗುತ್ತದೆ.

ಹೊಸ ಡಿಸೈನ್ ಯೋಚಿಸುವಾಗ ಮೊದಲು ಕೊಕ್ಕೆಯಿಂದ ಶುರು ಮಾಡಿ. ಹಾರಕ್ಕೊಂದು ಕೊಕ್ಕೆ ಅಂತ ಕೊನೆಗೆ ಸೇರಿಸಬೇಡಿ. ಒಂದು ಚೆಂದದ, ಭದ್ರವಾದ, ಒಂದೇ ಕೈಯಲ್ಲಿ ಹಾಕಿಕೊಳ್ಳಬಹುದಾದ ಕೊಕ್ಕೆಯನ್ನು ತಾಮ್ರದ ತಂತಿಯಲ್ಲಿ ಮಾಡಿ ನೋಡಿ. ಸರಿ ಬರುವ ತನಕ ಬಿಡಬೇಡಿ. ಅದಕ್ಕೆ ಎಂಥ ಹಾರ ಬೇಕು ಅಂತ ಅದೇ ಹೇಳುತ್ತದೆ.

ಮನೆಯಲ್ಲಿ ಬೆಸುಗೆಯ ವಿಷಯ ಕೊನೆಗೆ ಇಟ್ಟುಕೊಂಡೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಎದುರುಬದುರು ಕಿಟಕಿ ಇರುವ ಕೋಣೆ ಬೇಕು. ಹತ್ತಿ ಬಟ್ಟೆ ಹಾಕಿ, ಕೂದಲು ಕಟ್ಟಿ, ದುಪಟ್ಟಾ ದೂರ ಇಡಿ. ಶಾಖ ತಡೆಯುವ ಇಟ್ಟಿಗೆಯ ಮೇಲೆ ಕೆಲಸ, ಪಕ್ಕದಲ್ಲಿ ಒಂದು ಬಕೆಟ್ ನೀರು. ಗ್ಯಾಸಿನ ವಾಲ್ವನ್ನು ಕೆಲಸ ಮುಗಿದ ಕೂಡಲೇ ಮುಚ್ಚಿ. ಆಸಿಡ್ ಕಲಸುವಾಗ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಲೇಬಾರದು.

ಎಲ್ಲಕ್ಕಿಂತ ಮುಖ್ಯ, ನೀವು ಕೊಂಡು ತರುವ ಬೆಸುಗೆಯಲ್ಲಿ ಕ್ಯಾಡ್ಮಿಯಂ ಇರಬಾರದು. ಅಂಗಡಿಗಳ ಬೋರ್ಡಿನಲ್ಲಿ ಕೆಡಿಎಂ ಅಂತ ನೋಡಿರುತ್ತೀರಿ, ಅದು ಕ್ಯಾಡ್ಮಿಯಂ ಬೆರೆಸಿದ ಬೆಸುಗೆ. ಚೆನ್ನಾಗಿ ಹರಿಯುತ್ತದೆ ಅಂತ ಎಷ್ಟೋ ವರ್ಷ ಬಳಸಿದರು. ಕ್ಯಾಡ್ಮಿಯಂ 767 ಡಿಗ್ರಿಗೆ ಕುದಿಯುತ್ತದೆ. ನಾವು ಬೆಳ್ಳಿ ಬೆಸೆಯುವ ಶಾಖವೂ ಅದರ ಆಸುಪಾಸೇ. ಆ ಹೊಗೆ ಶ್ವಾಸಕೋಶವನ್ನೂ ಮೂತ್ರಪಿಂಡವನ್ನೂ ಹಾಳು ಮಾಡುತ್ತದೆ. ಒಡವೆ ಹಾಕಿಕೊಳ್ಳುವವರಿಗಿಂತ ಮಾಡುವವರಿಗೇ ಅದರ ಅಪಾಯ. ಬೆಳ್ಳಿ, ತಾಮ್ರ, ಸತು ಮಾತ್ರ ಇರುವ ಬೆಸುಗೆ ಕೇಳಿ ತನ್ನಿ. ಒಳಗೆ ಏನಿದೆ ಅಂತ ಅಂಗಡಿಯವರಿಗೆ ಹೇಳಲು ಬರದಿದ್ದರೆ ಬೇರೆ ಅಂಗಡಿಗೆ ಹೋಗಿ. ಮೊದಲೇ ತಂದು ಇಟ್ಟುಕೊಂಡಿರುವ ಬೆಸುಗೆಯ ಬಗ್ಗೆ ಅನುಮಾನ ಇದ್ದರೆ ಅದನ್ನೂ ಬಳಸಬೇಡಿ.